ಹಳೆಯ ಮಧ್ಯಮ ಸರ್ವರ್, ಹೊಸ ಡೆಸ್ಕ್‌ಟಾಪ್: ಹುಬ್ಬಳ್ಳಿಯ ಬಿಡಿಭಾಗ ವಿತರಣಾ ಸಂಸ್ಥೆಯೊಂದರ ಪ್ರಕರಣ ಅಧ್ಯಯನ

ಟ್ರ್ಯಾಕ್ಟರ್ ಮತ್ತು ಕೃಷಿ ಯಂತ್ರಗಳ ಬಿಡಿಭಾಗಗಳನ್ನು ಸಗಟಾಗಿ ಮಾರುವ ಹುಬ್ಬಳ್ಳಿಯ ಸಂಸ್ಥೆಯೊಂದು ತೊಂಬತ್ತರ ದಶಕದ ಆರಂಭದಿಂದಲೂ ತನ್ನ ದಾಸ್ತಾನು, ಬಿಲ್ಲು ಮತ್ತು ಉದ್ರಿ ಲೆಕ್ಕಗಳನ್ನೆಲ್ಲ ಐಬಿಎಂನ ಎಎಸ್/400 ವರ್ಗದ ಸರ್ವರ್‌ನಲ್ಲಿ ಇರಿಸಿಕೊಂಡು ಬಂದಿದೆ. ಗೋಕುಲ ರಸ್ತೆಯಲ್ಲಿ ಅದರ ಮುಖ್ಯ ಗೋದಾಮು ಇದೆ. ಗದಗ, ಹಾವೇರಿ ಮತ್ತು ರಾಣೆಬೆನ್ನೂರಿನಲ್ಲಿ ಶಾಖೆಗಳಿವೆ. ರೋಹಿಣಿ ಮಳೆಯ ಹೊತ್ತಿಗೆ ಬಿತ್ತನೆಗೆ ಟ್ರ್ಯಾಕ್ಟರ್ ಹೊಲಕ್ಕಿಳಿಯಬೇಕಾದ ಕಾರಣ ಮೇ ಮತ್ತು ಜೂನ್ ತಿಂಗಳುಗಳಲ್ಲಿ ಕಲ್ಟಿವೇಟರ್ ಹಲ್ಲು, ರೋಟಾವೇಟರ್ ಬ್ಲೇಡ್, ಹೈಡ್ರಾಲಿಕ್ ಪಂಪಿನ ಸೀಲ್ ಇವುಗಳಿಗಾಗಿ ಕೌಂಟರ್ ಮುಂದೆ ಮೆಕ್ಯಾನಿಕ್ಕುಗಳ ಸರತಿ ನಿಲ್ಲುತ್ತದೆ. ಒಂದು ಸೀಲ್ ಯಾವ ಶಾಖೆಯಲ್ಲಿ ಎಷ್ಟಿದೆ ಎಂಬ ಪ್ರಶ್ನೆಗೆ ಆ ಎರಡು ತಿಂಗಳಲ್ಲಿ ಸರಿಯಾದ ಉತ್ತರ ಕೂಡಲೇ ಸಿಗದಿದ್ದರೆ ಗಿರಾಕಿ ಮುಂದಿನ ಅಂಗಡಿಗೆ ಹೋಗುತ್ತಾನೆ.

ಈ ಸರ್ವರನ್ನು ಹೊಸ ಡೆಸ್ಕ್‌ಟಾಪ್‌ಗಳೊಂದಿಗೆ ಜೋಡಿಸುವ ಕೆಲಸಕ್ಕೆ ನಮ್ಮನ್ನು ಕರೆಸಿದಾಗ ಸಂಸ್ಥೆಯ ಬೇಡಿಕೆ ಸರಳವಾಗಿ ಕಂಡಿತ್ತು. ಲೆಕ್ಕಪತ್ರ ವಿಭಾಗದವರು ಹಸಿರು ಪರದೆಯಲ್ಲಿ, ಅಂದರೆ ಬರೀ ಅಕ್ಷರಗಳು ಕಾಣುವ ಸರ್ವರ್‌ನ ಹಳೆಯ ಪರದೆಯಲ್ಲಿ, ವರದಿ ತೆಗೆದು, ಮುದ್ರಿಸಿ, ಅದನ್ನೇ ನೋಡಿಕೊಂಡು ಎಕ್ಸೆಲ್‌ನಲ್ಲಿ ಮತ್ತೆ ಬೆರಳಚ್ಚು ಮಾಡುತ್ತಿದ್ದರು, ಅದು ನಿಲ್ಲಬೇಕಿತ್ತು. ಶಾಖೆಗಳ ಕೌಂಟರಿನಲ್ಲಿ ಕುಳಿತ ಹೊಸ ಹುಡುಗರಿಗೆ ಫಂಕ್ಷನ್ ಕೀಗಳ ಪರದೆಯ ಬದಲು ವಿಂಡೋಸ್ ಅಪ್ಲಿಕೇಶನ್ ಒಂದು ಬೇಕಿತ್ತು. ಬಿಲ್ಲಿನ ಮೇಲೆ ಭಾಗದ ಹೆಸರು ಕನ್ನಡದಲ್ಲಿಯೂ ಬರಬೇಕೆಂದು ರೈತರು ಕೇಳುತ್ತಿದ್ದರು. ಸರ್ವರನ್ನೇ ತೆಗೆದುಹಾಕಿ ಹೊಸದೊಂದನ್ನು ತರುವ ಮಾತೂ ಆಡಳಿತ ಮಂಡಳಿಯಲ್ಲಿ ಬಂದಿತ್ತು, ಆದರೆ ಯಂತ್ರ ಎಂದೂ ಕೈಕೊಟ್ಟಿರಲಿಲ್ಲವಾದ್ದರಿಂದ ಆ ಮಾತು ಅಲ್ಲಿಗೇ ನಿಂತಿತ್ತು.

ಈ ಯಂತ್ರದ ಬಗೆಗೆ ಸ್ವಲ್ಪ ಹೇಳಬೇಕು. ಎಎಸ್/400 ಅನ್ನು ಐಬಿಎಂ 1988ರ ಜೂನ್ 21ರಂದು ಘೋಷಿಸಿತು. ಸಿಸ್ಟಂ/36 ಮತ್ತು ಸಿಸ್ಟಂ/38 ಎಂಬ ಹಿಂದಿನ ಯಂತ್ರಗಳ ಜಾಗಕ್ಕೆ ಅದು ಬಂದಿತು. 2000ದಲ್ಲಿ ಐಸೀರೀಸ್, 2006ರಲ್ಲಿ ಸಿಸ್ಟಂ ಐ ಎಂದು ಹೆಸರು ಬದಲಾಗಿ, 2008ರಿಂದ ಪವರ್ ಸರ್ವರ್‌ಗಳ ಮೇಲೆ ನಡೆಯುವ ಐಬಿಎಂ ಐ ಎಂಬ ಕಾರ್ಯಾಚರಣ ವ್ಯವಸ್ಥೆಯಾಗಿ ಅದು ಮುಂದುವರಿದಿದೆ. 1995ರಲ್ಲಿ ಇಡೀ ಯಂತ್ರ 48 ಬಿಟ್‌ನಿಂದ ರಿಸ್ಕ್ (ಆರ್‌ಐಎಸ್‌ಸಿ) ಎಂಬ ಬಗೆಯ 64 ಬಿಟ್ ಸಂಸ್ಕಾರಕಕ್ಕೆ ಹೊರಳಿದಾಗಲೂ ಪ್ರೋಗ್ರಾಂಗಳು ಯಂತ್ರಾಂಶದಿಂದ ಬೇರ್ಪಟ್ಟ ಪದರವೊಂದರ ಮೇಲೆ ನಿಂತಿದ್ದುದರಿಂದ ಅವುಗಳನ್ನು ಹೊಸದಾಗಿ ಬರೆಯದೆ ಸಾಗಿಸಲು ಸಾಧ್ಯವಾಯಿತು. ತೊಂಬತ್ತರ ದಶಕದಲ್ಲಿ ಆರ್‌ಪಿಜಿ ಭಾಷೆಯಲ್ಲಿ ಬರೆದ ಬಿಲ್ಲಿಂಗ್ ಪ್ರೋಗ್ರಾಂ ಈ ಸಂಸ್ಥೆಯಲ್ಲಿ ಇಂದಿಗೂ ದಿನವೂ ನಡೆಯುತ್ತಿರುವುದಕ್ಕೆ ಇದೇ ಕಾರಣ. ಡಿಬಿ2 ಡೇಟಾಬೇಸ್ ಇಲ್ಲಿ ಮೇಲಿಂದ ಹಾಕಿದ ತಂತ್ರಾಂಶವಲ್ಲ, ಕಾರ್ಯಾಚರಣ ವ್ಯವಸ್ಥೆಯ ಭಾಗವೇ ಆಗಿದೆ. ಹಾಗಾಗಿ ಎಸ್‌ಕ್ಯೂಎಲ್ (ಡೇಟಾಬೇಸನ್ನು ಓದುವ, ತಿದ್ದುವ ಭಾಷೆ) ತಿಳಿಯದವರು ಬರೆದ ಹಳೆಯ ಫೈಲುಗಳನ್ನೂ ಎಸ್‌ಕ್ಯೂಎಲ್ ಮೂಲಕ ಟೇಬಲ್‌ಗಳಂತೆ ಓದಬಹುದು. ಈ ಸೌಕರ್ಯವೇ ಮುಂದೆ ಹೇಳುವ ತೊಂದರೆಗೂ ದಾರಿಯಾಯಿತು.

ಹನ್ನೆರಡು ಮತ್ತು ಒಂಬತ್ತು

ನಾವು ಹೋಗುವ ಮೊದಲೇ ಸಂಸ್ಥೆಯಲ್ಲಿ ಒಂದು ಸಂಪರ್ಕ ಸದ್ದಿಲ್ಲದೆ ನಡೆಯುತ್ತಿತ್ತು. ಕಚೇರಿಯಲ್ಲಿ ಕಂಪ್ಯೂಟರ್ ಬಲ್ಲ ನೌಕರರೊಬ್ಬರು ಡೆಸ್ಕ್‌ಟಾಪ್ ತಂತ್ರಾಂಶಗಳನ್ನು ಡೇಟಾಬೇಸ್‌ಗೆ ಜೋಡಿಸುವ ಓಡಿಬಿಸಿ ಚಾಲಕವನ್ನು ಹಾಕಿ, ಮೈಕ್ರೋಸಾಫ್ಟ್ ಆಕ್ಸೆಸ್‌ನಿಂದ ದಾಸ್ತಾನಿನ ಮೂಲ ಫೈಲಿಗೆ ನೇರ ಕೊಂಡಿ ಹಾಕಿಕೊಂಡಿದ್ದರು. ಅವರ ಉದ್ದೇಶ ಒಳ್ಳೆಯದೇ ಆಗಿತ್ತು. ಹುಬ್ಬಳ್ಳಿಯಿಂದ ಹಾವೇರಿಗೆ ಮಾಲು ಹೊರಟ ದಿನವೇ ಅಲ್ಲಿಯ ಕೌಂಟರಿನವರಿಗೆ ಅದು ಕಾಣಲಿ ಎಂದು ಅವರು ಹಾವೇರಿ ಶಾಖೆಯ ದಾಸ್ತಾನಿನ ಅಂಕಣಕ್ಕೆ ಆ ಸಂಖ್ಯೆಯನ್ನು ಕೈಯಿಂದ ಕೂಡಿಸುತ್ತಿದ್ದರು. ಮರುದಿನ ಮಾಲು ತಲುಪಿದಾಗ ಹಾವೇರಿಯ ಗೋದಾಮಿನವರು ನಿಯಮದಂತೆ ಹಸಿರು ಪರದೆಯಲ್ಲಿ ಸ್ವೀಕೃತಿ ದಾಖಲಿಸುತ್ತಿದ್ದರು, ಮತ್ತು ಆರ್‌ಪಿಜಿ ಪ್ರೋಗ್ರಾಂ ಅದೇ ಸಂಖ್ಯೆಯನ್ನು ಇನ್ನೊಮ್ಮೆ ಕೂಡಿಸುತ್ತಿತ್ತು.

ಹಾವೇರಿಯ ಗೋದಾಮಿನ ಹಿರಿಯರು ಇದನ್ನು ನಮಗೆ ಹೇಳಿದ ರೀತಿ ಇದು: "ಸರ, ಇದರಾಗ ಹನ್ನೆರಡ ಸೀಲ್ ಅದಾವ ಅಂತ ತೋರಸ್ತದರಿ, ರ‍್ಯಾಕಿನ್ಯಾಗ ಬರೇ ಒಂಬತ್ತ ಅದಾವು. ಮೂರು ಎಲ್ಲಿ ಹೋದು ಅಂತ ನಾ ಯಾರನ್ನ ಕೇಳ್ಲಿ?" ಆ ಮೂರು ಸೀಲುಗಳು ಎಲ್ಲಿಗೂ ಹೋಗಿರಲಿಲ್ಲ, ಅವನ್ನು ಎರಡು ಸಲ ಎಣಿಸಲಾಗಿತ್ತು. ಕಳವಿನ ಸಂಶಯ ಮಾತ್ರ ಅಷ್ಟರಲ್ಲಿ ಆ ಹಿರಿಯರ ತಲೆಯ ಮೇಲೆ ಕೂತಿತ್ತು, ಮತ್ತು ನನ್ನ ದೃಷ್ಟಿಯಲ್ಲಿ ಈ ಇಡೀ ಪ್ರಕರಣದಲ್ಲಿ ಅತ್ಯಂತ ಗಂಭೀರವಾದ ಹಾನಿ ಅದೇ.

ಕಾರಣವನ್ನು ಪತ್ತೆ ಮಾಡಲು ಆ ಹಳೆಯ ಪ್ರೋಗ್ರಾಮಿನ ಮೂಲವನ್ನು ಓದಬೇಕಾಯಿತು. ಸ್ವೀಕೃತಿ ದಾಖಲಾದಾಗ ಆ ಪ್ರೋಗ್ರಾಂ ನಾಲ್ಕು ಕೆಲಸ ಮಾಡುತ್ತದೆ: ದಾರಿಯಲ್ಲಿರುವ ಮಾಲಿನ ಅಂಕಣದಿಂದ ಸಂಖ್ಯೆಯನ್ನು ಕಳೆಯುತ್ತದೆ, ಶಾಖೆಯ ದಾಸ್ತಾನಿಗೆ ಕೂಡಿಸುತ್ತದೆ, ಚಲನೆಯ ಫೈಲಿನಲ್ಲಿ ಒಂದು ಸಾಲು ಬರೆಯುತ್ತದೆ, ಮತ್ತು ಯಾರಾದರೂ ಮೆಕ್ಯಾನಿಕ್ ಆ ಭಾಗಕ್ಕೆ ಮುಂಚಿತವಾಗಿ ಹೇಳಿಟ್ಟಿದ್ದರೆ ಅವರ ಹೆಸರಿಗೆ ಅದನ್ನು ಕಾಯ್ದಿರಿಸುತ್ತದೆ. ಆಕ್ಸೆಸ್‌ನ ಕೊಂಡಿಯಿಂದ ಇವುಗಳಲ್ಲಿ ಒಂದು ಮಾತ್ರ ಆಗುತ್ತಿತ್ತು. ಚಲನೆಯ ಫೈಲಿನ ಸಾಲುಗಳನ್ನು ಕೂಡಿಸಿ ದಾಸ್ತಾನಿನ ಮೂಲ ಫೈಲಿನ ಸಂಖ್ಯೆಯೊಂದಿಗೆ ಹೋಲಿಸಿದಾಗ ವ್ಯತ್ಯಾಸವಿದ್ದ ಭಾಗಗಳೆಲ್ಲವೂ ಹೀಗೆ ಕೈಯಿಂದ ತಿದ್ದಿದವುಗಳೇ ಎಂದು ಖಚಿತವಾಯಿತು, ಮತ್ತು ಆ ಪಟ್ಟಿಯನ್ನು ಮೊದಲು ಹಾವೇರಿಯವರ ಕೈಗೆ ಕೊಟ್ಟೆವು.

ಇಲ್ಲಿಂದಲೇ ನಮ್ಮ ಕೆಲಸದ ಮೂಲ ನಿಯಮ ಹುಟ್ಟಿತು. ದತ್ತಾಂಶವನ್ನು ಓದಲು ಎಷ್ಟು ದಾರಿಗಳಾದರೂ ಇರಬಹುದು, ಆದರೆ ಬರೆಯಲು ಒಂದೇ ದಾರಿ ಇರಬೇಕು ಮತ್ತು ಆ ದಾರಿ ಸರ್ವರ್‌ನಲ್ಲಿರುವ ಪ್ರೋಗ್ರಾಮಿನ ಮೂಲಕವೇ ಹೋಗಬೇಕು. ಹೊಸ ಅಪ್ಲಿಕೇಶನ್ ಬರೆಯಲು ಬಂದಿದ್ದ ಯುವಕರು ಇದಕ್ಕೆ ಸುಲಭವಾಗಿ ಒಪ್ಪಲಿಲ್ಲ. "ಎಸ್‌ಕ್ಯೂಎಲ್ ಬರ್ತದಂದ ಮ್ಯಾಲ ಅಪ್‌ಡೇಟ್ ಒಂದ ಸಾಲಿನ ಕೆಲಸ ಅಲ್ಲೇನ್ರಿ" ಎಂಬ ಅವರ ಮಾತು ತಾಂತ್ರಿಕವಾಗಿ ತಪ್ಪಲ್ಲ. ಆದರೆ ವ್ಯಾಪಾರದ ನಿಯಮ ಫೈಲಿನೊಳಗೆ ಇರದೆ ಪ್ರೋಗ್ರಾಮಿನೊಳಗೆ ಇದ್ದಾಗ ಆ ಒಂದು ಸಾಲಿಗೆ ಅರ್ಧ ಕೆಲಸ ಮಾತ್ರ ಗೊತ್ತಿರುತ್ತದೆ.

ಓದುವ ದಾರಿಯಲ್ಲಿ ಸಿಕ್ಕಿದ್ದು

ಓದುವುದಾದರೂ ನೇರವಾಗಿ ಆಗುತ್ತದೆಂದು ಸಂಸ್ಥೆಯವರು ತಿಳಿದಿದ್ದರು. ಸಂಪರ್ಕದ ಮಟ್ಟದಲ್ಲಿ ಅದು ನಿಜ. ಡೆಸ್ಕ್‌ಟಾಪ್‌ನ ಓಡಿಬಿಸಿ ಚಾಲಕ ಮೊದಲು 449ನೇ ಪೋರ್ಟಿನಲ್ಲಿ (ಪೋರ್ಟ್ ಎಂದರೆ ಸರ್ವರ್‌ನ ಒಂದೊಂದು ಸೇವೆಗೆ ಇರುವ ಸಂಖ್ಯೆಯ ಬಾಗಿಲು) ಯಾವ ಸೇವೆ ಎಲ್ಲಿದೆ ಎಂದು ವಿಚಾರಿಸುತ್ತದೆ, 8476ರಲ್ಲಿ ಬಳಕೆದಾರರ ಗುರುತನ್ನು ಪರಿಶೀಲಿಸಿಕೊಳ್ಳುತ್ತದೆ, 8471ರಲ್ಲಿ ಡೇಟಾಬೇಸ್ ಸರ್ವರ್‌ನೊಂದಿಗೆ ಮಾತಾಡುತ್ತದೆ. ದೂರದಿಂದ ಆದೇಶ ಅಥವಾ ಪ್ರೋಗ್ರಾಂ ಕರೆಯುವುದಕ್ಕೆ 8475 ಇದೆ. ಗೂಢಲಿಪಿಯ ಸಂಪರ್ಕ ಬಳಸಿದರೆ ಇವೇ ಸೇವೆಗಳು 9470ರಿಂದ 9476ರವರೆಗಿನ ಪೋರ್ಟುಗಳಲ್ಲಿ ಸಿಗುತ್ತವೆ. ಶಾಖೆಗಳನ್ನು ಜೋಡಿಸುವ ವಿಪಿಎನ್ ಎಂಬ ಖಾಸಗಿ ಸಂಪರ್ಕದ ಮೇಲೆ ನಾವು ಎರಡನೆಯ ಗುಂಪನ್ನಷ್ಟೇ ತೆರೆದೆವು. ಹಳೆಯ ವಿಂಡೋಸ್ ಪ್ಯಾಕೇಜಿಗೆ ವಿಂಡೋಸ್ 10ರಲ್ಲಿ ಬೆಂಬಲವಿಲ್ಲವಾದ್ದರಿಂದ ಎಲ್ಲ ಕಂಪ್ಯೂಟರುಗಳಿಗೂ ಐಬಿಎಂ ಐ ಆಕ್ಸೆಸ್ ಕ್ಲೈಂಟ್ ಸೊಲ್ಯೂಷನ್ಸ್ ಜೊತೆಗಿನ ವಿಂಡೋಸ್ ಅಪ್ಲಿಕೇಶನ್ ಪ್ಯಾಕೇಜಿನ ಚಾಲಕವನ್ನೇ ಹಾಕಬೇಕಾಯಿತು. ಕೆಲವು ಕಂಪ್ಯೂಟರುಗಳಲ್ಲಿ ಎಕ್ಸೆಲ್ 32 ಬಿಟ್‌ನದು, ಕೆಲವುಗಳಲ್ಲಿ 64 ಬಿಟ್‌ನದು. ಸಂಪರ್ಕದ ಹೆಸರನ್ನು ಒಂದು ಕಡೆ ನೋಂದಾಯಿಸಿ ಇನ್ನೊಂದು ಕಡೆ ಹುಡುಕಿದರೆ ಅದು ಕಾಣುವುದಿಲ್ಲ. ಈ ಸಣ್ಣ ವಿಷಯ ಗದಗ ಶಾಖೆಯಲ್ಲಿ ಸಾಕಷ್ಟು ಹೊತ್ತು ತಿಂದಿತು.

ಸಂಪರ್ಕವಾದ ಮೇಲೆ ದತ್ತಾಂಶ ಏನು ಹೇಳುತ್ತದೆ ಎಂಬುದು ಬೇರೆಯೇ ಪ್ರಶ್ನೆ. ಮೊದಲ ದಿನ ಎಕ್ಸೆಲ್‌ಗೆ ಬಂದ ಮಾರಾಟದ ಪಟ್ಟಿ ಬಹಳ ಹಳೆಯ ವರ್ಷವೊಂದರದ್ದು ಮಾತ್ರವಾಗಿತ್ತು. ಈ ಯಂತ್ರದಲ್ಲಿ ಒಂದು ಫೈಲಿನೊಳಗೆ ಹಲವು ಮೆಂಬರ್‌ಗಳು, ಅಂದರೆ ಒಂದೇ ರೂಪದ ಪ್ರತ್ಯೇಕ ಭಾಗಗಳು, ಇರಬಹುದು. ಸಂಸ್ಥೆಯವರು ಏಪ್ರಿಲ್‌ನಿಂದ ಮಾರ್ಚ್‌ವರೆಗಿನ ಪ್ರತಿ ಲೆಕ್ಕದ ವರ್ಷಕ್ಕೂ ಒಂದೊಂದು ಮೆಂಬರ್ ಮಾಡುತ್ತ ಬಂದಿದ್ದರು. ಎಸ್‌ಕ್ಯೂಎಲ್‌ಗೆ ಬೇರೆ ಏನೂ ಹೇಳದಿದ್ದರೆ ಅದು ಮೊದಲನೆಯ ಮೆಂಬರನ್ನು ಮಾತ್ರ ಓದುತ್ತದೆ. ಹಸಿರು ಪರದೆಯ ಪ್ರೋಗ್ರಾಮಿಗೆ ಸರಿಯಾದ ವರ್ಷವನ್ನು ತೋರಿಸುವ ಆದೇಶ ಲಾಗಿನ್ ಹೊತ್ತಿಗೇ ನಡೆಯುತ್ತಿದ್ದುದರಿಂದ ಮೂವತ್ತು ವರ್ಷ ಯಾರಿಗೂ ಇದು ತಿಳಿಯುವ ಪ್ರಸಂಗವೇ ಬಂದಿರಲಿಲ್ಲ. ಪ್ರತಿ ವರ್ಷದ ಮೆಂಬರಿಗೂ ಒಂದು ಅಲಿಯಾಸ್ (ಬದಲಿ ಹೆಸರು) ಮಾಡಿ, ಅವುಗಳನ್ನೆಲ್ಲ ಒಂದು ವ್ಯೂನಲ್ಲಿ, ಅಂದರೆ ಮೂಲ ಫೈಲುಗಳನ್ನು ಟೇಬಲ್‌ನಂತೆ ತೋರಿಸುವ ನೋಟದಲ್ಲಿ, ಸೇರಿಸಿದೆವು.

ಭಾಗಗಳ ವಿವರಣೆಯ ಅಂಕಣ ಕೆಲವು ಫೈಲುಗಳಲ್ಲಿ ಅಕ್ಷರಗಳ ಬದಲು ಸಿ1, ಸಿ2 ಎಂಬಂಥ ಹೆಕ್ಸ್ ಸಾಲುಗಳಾಗಿ ಬಂತು. ಈ ಸರ್ವರ್ ಅಕ್ಷರಗಳನ್ನು ಎಬ್ಸಿಡಿಕ್ ಸಂಕೇತದಲ್ಲಿ ಇಡುತ್ತದೆ. ಅದರಲ್ಲಿ ಇಂಗ್ಲಿಷಿನ ದೊಡ್ಡಕ್ಷರ ಎ ಎಂಬುದು ಸಿ1, ಡೆಸ್ಕ್‌ಟಾಪ್‌ನ ಆಸ್ಕಿಯಲ್ಲಿ ಅದೇ ಅಕ್ಷರ 41. ಅಂಕಣದ ಮೇಲೆ ಸಿಸಿಎಸ್‌ಐಡಿ ಎಂಬ ಅಕ್ಷರ ಸಂಕೇತದ ಗುರುತು 65535 ಎಂದಿದ್ದರೆ ಪರಿವರ್ತನೆ ಮಾಡಬೇಡ ಎಂದು ಅರ್ಥ, ಮತ್ತು ಚಾಲಕ ಅದನ್ನು ಪಾಲಿಸುತ್ತದೆ. ಚಾಲಕದಲ್ಲಿ ಪರಿವರ್ತನೆಯನ್ನು ಬಲವಂತವಾಗಿ ಮಾಡಿಸುವ ಆಯ್ಕೆ ಇದೆ, ಆದರೆ ಅದನ್ನು ಪ್ರತಿ ಕಂಪ್ಯೂಟರಿನಲ್ಲೂ ನೆನಪಿಟ್ಟು ಹಾಕಬೇಕು. ವ್ಯೂನಲ್ಲಿಯೇ ಅಂಕಣಕ್ಕೆ ಸರಿಯಾದ ಗುರುತು ಕೊಡುವುದು ಮೇಲೆಂದು ನಾವು ತೀರ್ಮಾನಿಸಿದೆವು.

ಇದೇ ಸಂಕೇತದ ಭೇದದಿಂದ ಇನ್ನೊಂದು ತೊಡಕು ಹುಟ್ಟಿತ್ತು. ಎಬ್ಸಿಡಿಕ್‌ನಲ್ಲಿ ಅಂಕಿಗಳು ಅಕ್ಷರಗಳ ನಂತರ ಬರುತ್ತವೆ, ಡೆಸ್ಕ್‌ಟಾಪ್‌ನಲ್ಲಿ ಮೊದಲು ಬರುತ್ತವೆ. ಹಾಗಾಗಿ ಅಕ್ಷರ ಮತ್ತು ಅಂಕಿಗಳೆರಡೂ ಇರುವ ಭಾಗ ಸಂಖ್ಯೆಗಳ ಪಟ್ಟಿ ಸರ್ವರ್‌ನಿಂದ ಒಂದು ಕ್ರಮದಲ್ಲಿ ಬಂದು, ಗೋದಾಮಿನ ಎಣಿಕೆಯ ಎಕ್ಸೆಲ್ ಪಟ್ಟಿ ಇನ್ನೊಂದು ಕ್ರಮದಲ್ಲಿ ಇರುತ್ತಿತ್ತು. ಎರಡನ್ನೂ ಪಕ್ಕಪಕ್ಕಕ್ಕಿಟ್ಟು ಸಾಲು ಸಾಲಾಗಿ ತಾಳೆ ನೋಡುತ್ತಿದ್ದವರಿಗೆ ಇಲ್ಲದ ವ್ಯತ್ಯಾಸಗಳು ಕಾಣುತ್ತಿದ್ದವು. ಎಕ್ಸೆಲ್ ತನ್ನದೊಂದು ತೊಂದರೆಯನ್ನೂ ಸೇರಿಸುತ್ತಿತ್ತು: ಪಟ್ಟಿಯನ್ನು ಪಠ್ಯ ಕಡತವಾಗಿ ತಂದು ತೆರೆದರೆ ನಡುವೆ ಇಂಗ್ಲಿಷಿನ ಇ ಅಕ್ಷರವಿರುವ ಭಾಗ ಸಂಖ್ಯೆಯನ್ನು ಅದು ಘಾತಾಂಕವೆಂದು ತಿಳಿದು ದೊಡ್ಡ ಸಂಖ್ಯೆಯಾಗಿಸುತ್ತದೆ, ಮುಂದಿನ ಸೊನ್ನೆಗಳನ್ನು ನುಂಗುತ್ತದೆ. ಓಡಿಬಿಸಿಯ ಮೂಲಕ ಬಂದ ಅಂಕಣ ಅಕ್ಷರ ಮಾದರಿಯದೆಂದು ಮೊದಲೇ ಗೊತ್ತಿರುವುದರಿಂದ ಈ ತೊಂದರೆ ಬರುವುದಿಲ್ಲ.

ದಿನಾಂಕಗಳು ಏಳು ಅಂಕಿಯ ಸಂಖ್ಯೆಗಳಾಗಿದ್ದವು. ಮೊದಲ ಅಂಕಿ ಶತಮಾನವನ್ನು ಹೇಳುತ್ತದೆ: 0 ಎಂದರೆ 1900ರ ದಶಕಗಳು, 1 ಎಂದರೆ 2000ದ ನಂತರದವು. ಆದ್ದರಿಂದ 1240615 ಎಂದರೆ 2024ರ ಜೂನ್ 15. ವ್ಯೂನಲ್ಲಿ ಇದನ್ನು ನಿಜವಾದ ದಿನಾಂಕವಾಗಿ ಬದಲಿಸುವುದು ಸುಲಭ, ಆದರೆ ಬಳಕೆದಾರರು ಆ ಬದಲಾದ ದಿನಾಂಕದ ಮೇಲೆ ಶೋಧಿಸಿದರೆ ಮೂಲ ಸಂಖ್ಯೆಯ ಮೇಲಿರುವ, ಬೇಗ ಹುಡುಕಲು ನೆರವಾಗುವ ಸೂಚಿ ಉಪಯೋಗಕ್ಕೆ ಬರದೆ ಸರ್ವರ್ ಇಡೀ ಫೈಲನ್ನು ಓದಬೇಕಾಗುತ್ತದೆ. ತಿಂಗಳ ಕೊನೆಯಲ್ಲಿ ಲೆಕ್ಕದವರು ಹೀಗೆ ಪಟ್ಟಿ ತೆಗೆದ ಕೂಡಲೇ ರಾಣೆಬೆನ್ನೂರಿನ ಕೌಂಟರಿನಲ್ಲಿ ಬಿಲ್ಲು ನಿಧಾನವಾಗುತ್ತಿತ್ತು. ಡೇಟಾಬೇಸ್ ಸರ್ವರ್ ಜಾಬ್‌ಗಳು (ಜಾಬ್ ಎಂದರೆ ಸರ್ವರ್ ನಡೆಸುವ ಒಂದೊಂದು ಕೆಲಸ) ಬೇರೆ ರೀತಿ ಹೊಂದಿಸದಿದ್ದರೆ ಹಸಿರು ಪರದೆಯ ಜಾಬ್‌ಗಳಷ್ಟೇ ಆದ್ಯತೆಯಲ್ಲಿ, ಅಂದರೆ 20ರಲ್ಲಿ, ನಡೆಯುತ್ತವೆ ಎಂಬುದು ಇದಕ್ಕೆ ಇನ್ನೊಂದು ಕಾರಣ. ವರದಿಗಳಿಗೆ ಆರಂಭ ಮತ್ತು ಕೊನೆಯ ದಿನಾಂಕಗಳನ್ನು ಪಡೆದು, ಅವುಗಳನ್ನೇ ಏಳಂಕಿಯ ಸಂಖ್ಯೆಗೆ ಬದಲಿಸಿಕೊಂಡು ಶೋಧಿಸುವ ಸ್ಟೋರ್ಡ್ ಪ್ರೊಸೀಜರ್, ಅಂದರೆ ಡೇಟಾಬೇಸ್‌ನಲ್ಲೇ ಇದ್ದು ಹೊರಗಿನಿಂದ ಕರೆಯಬಹುದಾದ ಪ್ರೋಗ್ರಾಂ, ಬರೆದೆವು. ವರದಿಯ ಖಾತೆಗಳ ಜಾಬ್‌ಗಳನ್ನು ಕಡಿಮೆ ಆದ್ಯತೆಯ ಬೇರೆ ಸಬ್‌ಸಿಸ್ಟಂಗೆ (ಸರ್ವರ್‌ನೊಳಗೆ ಜಾಬ್‌ಗಳು ನಡೆಯುವ ಪ್ರತ್ಯೇಕ ವಿಭಾಗಕ್ಕೆ) ಕಳಿಸಿದೆವು.

ಇನ್ನು ಹಳೆಯ ಸಾಲುಗಳಲ್ಲಿ ಸಂಖ್ಯೆ ಇರಬೇಕಾದಲ್ಲಿ ಬರೀ ಖಾಲಿ ಜಾಗವಿತ್ತು. ಹಳೆಯ ವಿವರಣಾ ಪದ್ಧತಿಯಿಂದ ಮಾಡಿದ ಫೈಲುಗಳು ಸಂಖ್ಯೆಯ ಶುದ್ಧತೆಯನ್ನು ಬರೆಯುವಾಗ ಪರೀಕ್ಷಿಸುವುದಿಲ್ಲ, ಓದುವಾಗ ಪರೀಕ್ಷಿಸುತ್ತವೆ. ಎಸ್‌ಕ್ಯೂಎಲ್‌ನಿಂದ ಮಾಡಿದ ಟೇಬಲ್‌ಗಳು ಬರೆಯುವಾಗಲೇ ಪರೀಕ್ಷಿಸುತ್ತವೆ. ವರ್ಷಗಳ ಹಿಂದೆ ನುಸುಳಿದ ಖಾಲಿ ಜಾಗ ಇಂದು ಎಕ್ಸೆಲ್‌ನ ಮುಂದೆ ದೋಷವಾಗಿ ನಿಲ್ಲುವುದು ಹೀಗೆ. ಅಂಥ ಸಾಲುಗಳನ್ನು ಹುಡುಕಿ, ಲೆಕ್ಕದ ಮುಖ್ಯಸ್ಥರ ಒಪ್ಪಿಗೆ ಪಡೆದು ಸರಿಪಡಿಸಲಾಯಿತು.

ನನಗೆ ಎಲ್ಲಕ್ಕಿಂತ ಹೆಚ್ಚು ಪಾಠ ಕಲಿಸಿದ್ದು ಜಿಲ್ಲೆಯ ಅಂಕಣ. ಎಕ್ಸೆಲ್‌ಗೆ ಬಂದ ಜಿಲ್ಲಾವಾರು ಮಾರಾಟದಲ್ಲಿ ಧಾರವಾಡದ ಮೊತ್ತ ಅತಿಯಾಗಿ ದೊಡ್ಡದಾಗಿತ್ತು, ಗದಗ ಮತ್ತು ಹಾವೇರಿಯ ಮೊತ್ತ ಅತಿ ಸಣ್ಣದಾಗಿತ್ತು. 1997ರಲ್ಲಿ ಧಾರವಾಡ ಜಿಲ್ಲೆಯಿಂದ ಗದಗ ಮತ್ತು ಹಾವೇರಿ ಬೇರೆ ಜಿಲ್ಲೆಗಳಾದಾಗ ಸಂಸ್ಥೆಯವರು ಗಿರಾಕಿಗಳ ಫೈಲನ್ನು ತಿದ್ದಿರಲಿಲ್ಲ. ಅದರ ಬದಲು ಆಗಿನ ಪ್ರೋಗ್ರಾಮರ್ ವರದಿಯ ಪ್ರೋಗ್ರಾಮಿನೊಳಗೆ ತಾಲೂಕಿನ ಪಟ್ಟಿಯೊಂದನ್ನು ಬರೆದು, ರೋಣ, ನರಗುಂದ, ಮುಂಡರಗಿ, ಶಿರಹಟ್ಟಿಗಳನ್ನು ಗದಗಕ್ಕೂ, ಬ್ಯಾಡಗಿ, ಹಾನಗಲ್, ಹಿರೇಕೆರೂರು, ಸವಣೂರು, ಶಿಗ್ಗಾಂವಿಗಳನ್ನು ಹಾವೇರಿಗೂ ಸೇರಿಸಿದ್ದರು. ಫೈಲು ಇಂದಿಗೂ ಹಳೆಯ ಜಿಲ್ಲೆಯನ್ನೇ ಹೇಳುತ್ತದೆ, ಪ್ರೋಗ್ರಾಂ ಹೊಸದನ್ನು ಹೇಳುತ್ತದೆ. ಆ ಪ್ರೋಗ್ರಾಮರ್ ಯಾರೆಂದು ಈಗ ಸಂಸ್ಥೆಯಲ್ಲಿ ಯಾರಿಗೂ ನೆನಪಿಲ್ಲ, ಆದರೆ ಅವರು ಪ್ರತಿ ತಾಲೂಕಿನ ಮುಂದೆ ಬರೆದಿಟ್ಟ ಟಿಪ್ಪಣಿ ಇಲ್ಲದಿದ್ದರೆ ಈ ವ್ಯತ್ಯಾಸವನ್ನು ಬಿಡಿಸುವುದು ನಮಗೆ ಬಹಳ ಕಷ್ಟವಾಗುತ್ತಿತ್ತು. ಅವರ ಪಟ್ಟಿಯನ್ನು ಹಾಗೆಯೇ ಒಂದು ಟೇಬಲ್ ಮಾಡಿ, ಹಳೆಯ ಪ್ರೋಗ್ರಾಮೂ ಹೊಸ ವ್ಯೂಗಳೂ ಅದನ್ನೇ ಓದುವಂತೆ ಮಾಡಿದೆವು.

ಬರೆಯುವ ದಾರಿ

ಹೊಸ ಕೌಂಟರ್ ಅಪ್ಲಿಕೇಶನ್ ಬಿಲ್ಲು ಮಾಡುವಾಗ ಹಳೆಯ ಆರ್‌ಪಿಜಿ ಪ್ರೋಗ್ರಾಮನ್ನೇ ಕರೆಯಬೇಕೆಂದು ನಿಶ್ಚಯಿಸಿದೆವು. ಐಬಿಎಂ ಐನಲ್ಲಿ ಇದಕ್ಕೆ ಹಲವು ಉಪಾಯಗಳಿವೆ. ದೂರದ ಪ್ರೋಗ್ರಾಂ ಕರೆ ಇದೆ, ಡೇಟಾ ಕ್ಯೂ ಇದೆ, ಜಾವಾದಲ್ಲಿ ಬರೆಯುವವರಿಗೆ ಜೆಟಿ400 ಗ್ರಂಥಾಲಯವಿದೆ. ನಾವು ಆರ್‌ಪಿಜಿ ಪ್ರೋಗ್ರಾಮನ್ನು ಸ್ಟೋರ್ಡ್ ಪ್ರೊಸೀಜರ್ ಎಂದು ಘೋಷಿಸುವ ದಾರಿ ಹಿಡಿದೆವು, ಏಕೆಂದರೆ ಆಗ ಡೆಸ್ಕ್‌ಟಾಪ್‌ನ ಕಡೆಗೆ ಓಡಿಬಿಸಿ ಒಂದೇ ಸಾಕಾಗುತ್ತದೆ, ಮತ್ತು ಮುಂದೆ ಅಪ್ಲಿಕೇಶನ್‌ನ ಭಾಷೆ ಬದಲಾದರೂ ಕರೆಯುವ ಕ್ರಮ ಬದಲಾಗುವುದಿಲ್ಲ.

ಘೋಷಣೆ ಒಂದು ಪುಟದ ಕೆಲಸ. ಆದರೆ ಕರೆದ ಕೂಡಲೇ ಪ್ರೋಗ್ರಾಂ ನಿಂತುಹೋಯಿತು, ಏಕೆಂದರೆ ಅದು ಪರದೆಯ ಪ್ರೋಗ್ರಾಂ: ಭಾಗ ಸಂಖ್ಯೆಯನ್ನು ಪರದೆಯಿಂದ ಓದುತ್ತದೆ, ದೋಷವನ್ನು ಪರದೆಯಲ್ಲಿ ತೋರಿಸುತ್ತದೆ, ಮತ್ತು ಈ ಎರಡರ ನಡುವೆಯೇ ಕಾಯ್ದಿರಿಸುವ ನಿಯಮ, ಉದ್ರಿ ಮಿತಿಯ ನಿಯಮ, 2017ರ ಜುಲೈ 1ರಿಂದ ಬಂದ ಜಿಎಸ್‌ಟಿಯ ಲೆಕ್ಕ ಹೆಣೆದುಕೊಂಡಿವೆ. ಓಡಿಬಿಸಿಗೆ ಉತ್ತರಿಸುವ ಸರ್ವರ್ ಜಾಬ್‌ಗೆ ಪರದೆ ಎಂಬುದೇ ಇಲ್ಲ. ಹೀಗಾಗಿ ನಿಯಮಗಳನ್ನು ಪರದೆಯಿಂದ ಬಿಡಿಸಿ, ಇತರ ಪ್ರೋಗ್ರಾಂಗಳು ಕರೆಯಬಹುದಾದ ಬೇರೆಯ ಸರ್ವಿಸ್ ಪ್ರೋಗ್ರಾಮಿಗೆ ಒಯ್ಯಬೇಕಾಯಿತು. ಈ ಪ್ರಕರಣದ ಖರ್ಚಿನ ಬಹುಪಾಲು ಇಲ್ಲಿಯೇ ಆಯಿತು, ಮತ್ತು ಅದು ಯೋಗ್ಯವಾದ ಖರ್ಚು ಎಂದು ನಾನು ಇಂದಿಗೂ ನಂಬುತ್ತೇನೆ. ನಿಯಮಗಳನ್ನು ಹೊಸದಾಗಿ ಬರೆಯಲಿಲ್ಲ. ಇದ್ದ ಸಾಲುಗಳನ್ನೇ ಸ್ಥಳಾಂತರಿಸಿ, ಹಸಿರು ಪರದೆಯ ಪ್ರೋಗ್ರಾಮೂ ಇನ್ನು ಮೇಲೆ ಅದೇ ಸರ್ವಿಸ್ ಪ್ರೋಗ್ರಾಮನ್ನು ಕರೆಯುವಂತೆ ಮಾಡಿದೆವು. ಹಸಿರು ಪರದೆಯಿಂದ ಬಿಲ್ಲು ಮಾಡಿದರೂ, ವಿಂಡೋಸ್ ಅಪ್ಲಿಕೇಶನ್‌ನಿಂದ ಮಾಡಿದರೂ ದಾಸ್ತಾನಿಗೆ ಆಗುವುದು ಒಂದೇ.

ಎರಡನೆಯ ಅಡಚಣೆ ಇನ್ನೂ ಸೂಕ್ಷ್ಮವಾಗಿತ್ತು. ಮೊದಲ ಪರೀಕ್ಷೆಯ ಬಿಲ್ಲುಗಳು ಯಾವ ಶಾಖೆಗೂ ಸೇರದೆ ಖಾಲಿ ಶಾಖಾ ಸಂಕೇತದೊಂದಿಗೆ ದಾಖಲಾದವು. ಹಸಿರು ಪರದೆಯಲ್ಲಿ ಲಾಗಿನ್ ಆದಾಗ ಬಳಕೆದಾರರ ಆರಂಭಿಕ ಪ್ರೋಗ್ರಾಂ ನಡೆಯುತ್ತದೆ. ಅದು ಗ್ರಂಥಾಲಯಗಳ (ಈ ಯಂತ್ರದಲ್ಲಿ ಫೈಲು ಮತ್ತು ಪ್ರೋಗ್ರಾಂಗಳನ್ನು ಇಡುವ ಗುಂಪುಗಳ) ಪಟ್ಟಿಯನ್ನು ಹೊಂದಿಸುತ್ತದೆ, ಈ ವರ್ಷದ ಮೆಂಬರನ್ನು ತೋರಿಸುತ್ತದೆ, ಮತ್ತು ಲೋಕಲ್ ಡೇಟಾ ಏರಿಯಾ ಎಂಬ 1024 ಬೈಟ್‌ಗಳ ಜಾಗದಲ್ಲಿ ಶಾಖೆಯ ಸಂಕೇತವನ್ನು ಬರೆದಿಡುತ್ತದೆ. ಓಡಿಬಿಸಿಯ ಮೂಲಕ ಬಂದವರಿಗೆ ಆರಂಭಿಕ ಪ್ರೋಗ್ರಾಂ ನಡೆಯುವುದೇ ಇಲ್ಲ. ಮನೆಯ ಹಿರಿಯರು ಬೆಳಗ್ಗೆ ಎದ್ದು ಸದ್ದಿಲ್ಲದೆ ಮಾಡಿಡುವ ಕೆಲಸದಂತೆ ಇದು ಯಾರ ಗಮನಕ್ಕೂ ಬಾರದೆ ನಡೆಯುತ್ತಿತ್ತು. ಶಾಖೆಯ ಸಂಕೇತವನ್ನು ಕರೆಯುವವರೇ ಪ್ಯಾರಾಮೀಟರ್ ಆಗಿ ಕೊಡಬೇಕು, ಅದು ಅವರ ಖಾತೆಗೆ ಸೇರಿದ ಶಾಖೆಯೇ ಎಂದು ಸರ್ವಿಸ್ ಪ್ರೋಗ್ರಾಂ ಪರೀಕ್ಷಿಸಬೇಕು, ಖಾಲಿ ಇದ್ದರೆ ಬಿಲ್ಲನ್ನು ತಿರಸ್ಕರಿಸಬೇಕು ಎಂದು ಮಾಡಿದೆವು. ಗ್ರಂಥಾಲಯಗಳ ಹೆಸರಿನಲ್ಲೂ ಇದೇ ಎಚ್ಚರ ಬೇಕಾಯಿತು: ಸಿಸ್ಟಂ ನಾಮಪದ್ಧತಿಯಲ್ಲಿ ಬರೀ ಫೈಲಿನ ಹೆಸರು ಕೊಟ್ಟರೆ ಗ್ರಂಥಾಲಯಗಳ ಪಟ್ಟಿಯಲ್ಲಿ ಹುಡುಕಲಾಗುತ್ತದೆ, ಎಸ್‌ಕ್ಯೂಎಲ್ ಪದ್ಧತಿಯಲ್ಲಿ ಬೇರೇನೂ ಹೇಳದಿದ್ದರೆ ಬಳಕೆದಾರರ ಹೆಸರಿನದೇ ಗ್ರಂಥಾಲಯದಲ್ಲಿ ಹುಡುಕಲಾಗುತ್ತದೆ.

ಆರ್‌ಪಿಜಿ ಪ್ರೋಗ್ರಾಂ ಕೊನೆಯ ದಾಖಲೆಯ ಸೂಚಕವಾದ ಎಲ್‌ಆರ್ ಅನ್ನು ಹಚ್ಚದೆ ಮರಳಿದರೆ ಅದರ ಚರಾಂಶಗಳು ಸ್ಮೃತಿಯಲ್ಲಿ ಹಾಗೆಯೇ ಉಳಿಯುತ್ತವೆ. ಪರದೆಯಲ್ಲಿ ಇದು ವೇಗಕ್ಕಾಗಿ ಬೇಕೆಂದೇ ಮಾಡಿದ್ದು. ಡೆಸ್ಕ್‌ಟಾಪ್ ಅಪ್ಲಿಕೇಶನ್ ಸಂಪರ್ಕಗಳನ್ನು ಪೂಲ್ ಮಾಡಿ ಹಂಚಿಕೊಂಡಾಗ ಮಾತ್ರ ಒಬ್ಬ ಗಿರಾಕಿಯ ಉದ್ರಿ ಮಿತಿ ಮುಂದಿನ ಗಿರಾಕಿಯ ಬಿಲ್ಲಿಗೆ ಅಂಟಿಕೊಳ್ಳುವ ಅಪಾಯವಿದೆ. ಪ್ರತಿ ಕರೆಯ ಆರಂಭದಲ್ಲೇ ಎಲ್ಲ ಚರಾಂಶಗಳನ್ನು ಶುದ್ಧಗೊಳಿಸುವ ಒಂದು ವಿಧಾನವನ್ನು ಸೇರಿಸಿದೆವು, ಮತ್ತು ಎರಡು ಶಾಖೆಗಳಿಂದ ಒಂದೇ ಹೊತ್ತಿಗೆ ಕರೆ ಮಾಡುವ ಪರೀಕ್ಷೆಯಿಲ್ಲದೆ ಅದನ್ನು ಒಪ್ಪಿಕೊಳ್ಳಲಿಲ್ಲ.

ಎಸ್‌ಕ್ಯೂಎಲ್ 7008 ಎಂಬ ದೋಷವೂ ಬಂತು. ಈ ಯಂತ್ರಕ್ಕೆ ಹೊರಗಿನಿಂದ ಬರೆಯಲು ಹೋದ ಹೆಚ್ಚಿನವರಿಗೆ ಅದರ ಪರಿಚಯವಿರುತ್ತದೆ. ಫೈಲು ಜರ್ನಲ್‌ಗೆ (ಪ್ರತಿ ಬದಲಾವಣೆಯನ್ನೂ ಬರೆದಿಡುವ ದಾಖಲೆಗೆ) ಒಳಪಟ್ಟಿಲ್ಲದೆ ಸಂಪರ್ಕ ಮಾತ್ರ ಕಮಿಟ್ ನಿಯಂತ್ರಣವನ್ನು, ಅಂದರೆ ಎಲ್ಲ ಬರವಣಿಗೆಗಳೂ ಒಟ್ಟಿಗೆ ಆಗಬೇಕು ಇಲ್ಲವೇ ಒಂದೂ ಆಗಬಾರದು ಎಂಬ ವ್ಯವಸ್ಥೆಯನ್ನು, ಕೇಳಿದಾಗ ಅದು ಬರುತ್ತದೆ. ಕಮಿಟ್ ನಿಯಂತ್ರಣವನ್ನೇ ತೆಗೆದುಬಿಡಿ ಎಂಬ ಸಲಹೆ ಎಲ್ಲೆಡೆ ಸಿಗುತ್ತದೆ, ದೋಷವೂ ಮಾಯವಾಗುತ್ತದೆ. ನಾವು ಹಾಗೆ ಮಾಡಲಿಲ್ಲ. ಬಿಲ್ಲಿನ ನಾಲ್ಕು ಬರವಣಿಗೆಗಳಲ್ಲಿ ಎರಡಾದ ಮೇಲೆ ರಾಣೆಬೆನ್ನೂರಿನ ವಿದ್ಯುತ್ ಹೋದರೆ ಉಳಿದ ಎರಡರ ಗತಿಯೇನು ಎಂಬ ಪ್ರಶ್ನೆಗೆ ಜರ್ನಲ್ ಒಂದೇ ಉತ್ತರ. ಫೈಲುಗಳನ್ನು ಜರ್ನಲ್‌ಗೆ ಒಳಪಡಿಸಿದೆವು. ಅದರಿಂದ ಯಾವ ಸಾಲನ್ನು ಯಾರು ಯಾವಾಗ ಬದಲಿಸಿದರೆಂಬ ದಾಖಲೆಯೂ ಸಿಗತೊಡಗಿತು, ಹಾವೇರಿಯ ಹಿರಿಯರಂಥವರ ಮೇಲೆ ಇನ್ನೊಮ್ಮೆ ಸಂಶಯ ಬಂದರೆ ತೋರಿಸಲು ಆಧಾರವಿರುತ್ತದೆ.

ಅಧಿಕಾರದ ವಿಷಯ

ಸಂಸ್ಥೆಯ ಭದ್ರತೆಯೆಲ್ಲ ಮೆನುವಿನಲ್ಲಿತ್ತು. ಕೌಂಟರಿನವರಿಗೆ ಕೌಂಟರಿನ ಮೆನು, ಲೆಕ್ಕದವರಿಗೆ ಲೆಕ್ಕದ ಮೆನು, ಆದೇಶದ ಸಾಲಿನಲ್ಲಿ ಟೈಪ್ ಮಾಡಲು ಯಾರಿಗೂ ಅವಕಾಶವಿಲ್ಲ. ಫೈಲುಗಳ ಮೇಲೆ ಮಾತ್ರ ಎಲ್ಲರಿಗೂ ಬದಲಿಸುವ ಅಧಿಕಾರವಿತ್ತು, ಏಕೆಂದರೆ ಮೆನುವಿನ ಹೊರಗೆ ಫೈಲು ಮುಟ್ಟುವ ದಾರಿಯೇ ಆಗ ಇರಲಿಲ್ಲ. ಓಡಿಬಿಸಿ ಆ ದಾರಿಯನ್ನು ತೆರೆಯುತ್ತದೆ. ಅದಕ್ಕೆ ಮೆನು ಕಾಣುವುದಿಲ್ಲ. ಆದೇಶದ ಸಾಲಿನ ನಿರ್ಬಂಧವಿದ್ದ ಖಾತೆಯಿಂದಲೂ ಎಸ್‌ಕ್ಯೂಎಲ್ ಕರೆಯ ಮೂಲಕ ಸಿಸ್ಟಂ ಆದೇಶಗಳನ್ನು ನಡೆಸಬಹುದು. ಇದನ್ನು ಪರೀಕ್ಷಾ ಫೈಲಿನ ಮೇಲೆ ಸಂಸ್ಥೆಯ ಮುಖ್ಯಸ್ಥರ ಎದುರಿಗೆ ಮಾಡಿ ತೋರಿಸಿದಾಗ ಅವರು ಬಹಳ ಹೊತ್ತು ಮಾತಾಡಲಿಲ್ಲ, ನಂತರ ಕೇಳಿದ್ದು ಒಂದೇ ಮಾತು: "ಇಷ್ಟ ದಿನಾ ಹಿಂಗ ಇತ್ತೇನ್ರಿ?"

ಪರಿಹಾರವನ್ನು ಫೈಲಿನ ಮಟ್ಟದಲ್ಲೇ ಹುಡುಕಬೇಕಿತ್ತು. ಸಾರ್ವಜನಿಕ ಅಧಿಕಾರವನ್ನು ಎಲ್ಲ ಫೈಲುಗಳಿಂದ ತೆಗೆದುಹಾಕಿ, ಯಾರೂ ಲಾಗಿನ್ ಆಗಲಾಗದ ಮಾಲೀಕ ಖಾತೆಯೊಂದಕ್ಕೆ ಅವುಗಳನ್ನು ಒಪ್ಪಿಸಿದೆವು. ಪ್ರೋಗ್ರಾಂಗಳು ನಡೆಯುವಷ್ಟು ಹೊತ್ತು ಮಾತ್ರ ಆ ಮಾಲೀಕರ ಅಧಿಕಾರವನ್ನು ಪಡೆಯುತ್ತವೆ. ವರದಿಯ ಖಾತೆಗಳಿಗೆ ವ್ಯೂಗಳನ್ನು ಓದುವ ಅಧಿಕಾರ, ಕೌಂಟರಿನ ಖಾತೆಗಳಿಗೆ ಪ್ರೊಸೀಜರ್‌ಗಳನ್ನು ಕರೆಯುವ ಅಧಿಕಾರ, ಅಷ್ಟೇ. ಇದನ್ನು ಒಂದೇ ದಿನದಲ್ಲಿ ಮಾಡಿದ್ದರೆ ಹಳೆಯ ರಾತ್ರಿ ಪ್ರೋಗ್ರಾಂಗಳಲ್ಲಿ ಯಾವುದಾದರೊಂದು ನಿಲ್ಲುತ್ತಿತ್ತು. ಆದ್ದರಿಂದ ಒಂದೊಂದು ಗ್ರಂಥಾಲಯವನ್ನಾಗಿ, ಬಿತ್ತನೆಯ ಹಂಗಾಮು ಮುಗಿದ ಮೇಲೆ ಮಾಡಿದೆವು. ಯಾವ ಖಾತೆ ಯಾವ ಕೆಲಸಕ್ಕೆ ಸಂಪರ್ಕಿಸಿದೆ ಎಂದು ನೋಡುವುದನ್ನೂ ಸಂಸ್ಥೆಯ ಆಪರೇಟರ್‌ಗೆ ಕಲಿಸಬೇಕಾಯಿತು, ಏಕೆಂದರೆ ಡೇಟಾಬೇಸ್ ಸರ್ವರ್ ಜಾಬ್‌ಗಳು ಒಂದೇ ಸಾಮಾನ್ಯ ಖಾತೆಯ ಹೆಸರಿನಲ್ಲಿ ಪಟ್ಟಿಯಲ್ಲಿ ಕಾಣುತ್ತವೆ ಮತ್ತು ಒಳಗೆ ಈಗ ಯಾರ ಪರವಾಗಿ ಕೆಲಸ ನಡೆದಿದೆ ಎಂಬುದನ್ನು ಬೇರೆ ಅಂಕಣದಲ್ಲಿ ನೋಡಬೇಕು.

ಕನ್ನಡದ ಹೆಸರುಗಳು

ಭಾಗಗಳ ಕನ್ನಡ ಹೆಸರನ್ನು ಹಳೆಯ ಫೈಲಿನ ಖಾಲಿ ಅಂಕಣದಲ್ಲಿ ತುಂಬುವ ಆಲೋಚನೆ ಮೊದಲಿತ್ತು. ಆ ಅಂಕಣ ಎಬ್ಸಿಡಿಕ್‌ನದು. ಅದರಲ್ಲಿ ಕನ್ನಡಕ್ಕೆ ಜಾಗವೇ ಇಲ್ಲ, ಬರೆದದ್ದೆಲ್ಲ ಬದಲಿ ಚಿಹ್ನೆಯಾಗಿ ಕೂರುತ್ತದೆ ಮತ್ತು ಹಿಂದಿರುಗಿ ಬರುವುದಿಲ್ಲ. ಆದ್ದರಿಂದ ಭಾಗ ಸಂಖ್ಯೆ ಮತ್ತು ಕನ್ನಡ ಹೆಸರು ಮಾತ್ರ ಇರುವ ಹೊಸ ಟೇಬಲ್ ಒಂದನ್ನು ಯುನಿಕೋಡ್ ಅಂಕಣದೊಂದಿಗೆ ಮಾಡಿದೆವು. ಅಂಕಣದ ಉದ್ದವನ್ನು ಕಣ್ಣಿಗೆ ಕಾಣುವ ಅಕ್ಷರಗಳಿಂದ ಅಳೆಯುವಂತಿಲ್ಲ: ಪಿಸ್ಟನ್ ಎಂಬುದರಲ್ಲಿ ಕಣ್ಣಿಗೆ ಮೂರು ಅಕ್ಷರ, ಯುನಿಕೋಡ್‌ನಲ್ಲಿ ಏಳು ಸಂಕೇತ, ಯುಟಿಎಫ್-16ರಲ್ಲಿ 14 ಬೈಟ್, ಯುಟಿಎಫ್-8ರಲ್ಲಿ 21 ಬೈಟ್.

ಹೆಸರುಗಳ ಪಟ್ಟಿಯನ್ನು ಗದಗ ಶಾಖೆಯ ಮೇಡಂ ಒಬ್ಬರು ಮೆಕ್ಯಾನಿಕ್ಕುಗಳು ಆಡುವ ಮಾತನ್ನೇ ಕೇಳಿ ಕೇಳಿ ಹಿಂದೆಯೇ ಟೈಪ್ ಮಾಡಿಟ್ಟಿದ್ದರು. ಅದು ನುಡಿ ತಂತ್ರಾಂಶದ ಹಳೆಯ ಅಕ್ಷರಶೈಲಿಯಲ್ಲಿತ್ತು. ಕನ್ನಡದಂತೆ ಕಾಣುವ ಆ ಪಠ್ಯದ ಒಳಗೆ ಇಂಗ್ಲಿಷಿನ ಸಂಕೇತಗಳೇ ಇರುತ್ತವೆ, ಶೈಲಿಯನ್ನು ಬದಲಿಸಿದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ಒಡೆಯುತ್ತದೆ. ಪರಿವರ್ತಕದ ಮೂಲಕ ಯುನಿಕೋಡ್‌ಗೆ ತಂದು, ಒತ್ತಕ್ಷರ ಮತ್ತು ಅರ್ಕಾವತ್ತು ಇರುವ ಹೆಸರುಗಳನ್ನು ಅವರೇ ಕುಳಿತು ಒಂದೊಂದಾಗಿ ಓದಿ ಒಪ್ಪಿದರು. ಹಸಿರು ಪರದೆಗೆ ಈ ಹೆಸರುಗಳನ್ನು ತರಲಿಲ್ಲ. ಬಿಲ್ಲು ಮುದ್ರಿಸುವ ವಿಂಡೋಸ್ ಅಪ್ಲಿಕೇಶನ್‌ಗೆ ಮಾತ್ರ ಅವು ಬೇಕಿದ್ದವು.

ಈಗಿನ ಸ್ಥಿತಿ

ಆಕ್ಸೆಸ್‌ನ ಹಳೆಯ ಕೊಂಡಿ ಮುಚ್ಚಿದೆ. ಅದನ್ನು ಮಾಡಿದ್ದ ನೌಕರರಿಗೆ ವ್ಯೂಗಳ ಮೇಲ್ವಿಚಾರಣೆಯ ಕೆಲಸ ಕೊಡಬೇಕೆಂದು ನಾವು ಹೇಳಿದೆವು, ಸಂಸ್ಥೆ ಒಪ್ಪಿತು. ಹೊರಟ ಮಾಲು ಶಾಖೆಗೆ ಆ ದಿನವೇ ಕಾಣಲಿ ಎಂಬ ಅವರ ಬಯಕೆಯನ್ನು ದಾರಿಯಲ್ಲಿರುವ ಮಾಲಿನ ಅಂಕಣವನ್ನು ಕೌಂಟರಿನ ಅಪ್ಲಿಕೇಶನ್‌ನಲ್ಲಿ ಪ್ರತ್ಯೇಕವಾಗಿ ತೋರಿಸುವ ಮೂಲಕ ಈಡೇರಿಸಲಾಗಿದೆ. ಗೋದಾಮಿನ ಹಿರಿಯರು ಹಸಿರು ಪರದೆಯನ್ನೇ ಬಳಸುತ್ತಿದ್ದಾರೆ, ಬದಲಾಯಿಸಿಕೊಳ್ಳಿ ಎಂದು ಯಾರೂ ಒತ್ತಾಯಿಸಿಲ್ಲ.

ತೀರದ ವಿಷಯವೊಂದಿದೆ. ಶಾಖೆಯ ಸಂಪರ್ಕ ಕಡಿದಾಗ ಬಿಲ್ಲು ಹೇಗೆ ಎಂಬುದಕ್ಕೆ ಡೆಸ್ಕ್‌ಟಾಪ್‌ನಲ್ಲಿ ದಾಸ್ತಾನಿನ ಪ್ರತಿಯೊಂದನ್ನು ಇಟ್ಟು ಆಮೇಲೆ ಸರ್ವರ್‌ಗೆ ಸೇರಿಸಬಹುದೆಂದು ಅಪ್ಲಿಕೇಶನ್ ಬರೆದವರು ಸೂಚಿಸಿದ್ದರು. ಅದರಿಂದ ಬರೆಯುವ ದಾರಿ ಮತ್ತೆ ಎರಡಾಗುತ್ತದೆ ಎಂಬ ಕಾರಣಕ್ಕೆ ನಾವು ಬೇಡವೆಂದೆವು. ಸದ್ಯಕ್ಕೆ ಪ್ರತಿ ಶಾಖೆಗೂ ಬೇರೆ ಕ್ರಮಸಂಖ್ಯೆಯ ಕೈಬರಹದ ಬಿಲ್ಲು ಪುಸ್ತಕ ಕೊಟ್ಟಿದ್ದು, ಸಂಪರ್ಕ ಬಂದ ಕೂಡಲೇ ಆ ಬಿಲ್ಲುಗಳನ್ನು ಅದೇ ಪ್ರೊಸೀಜರ್ ಮೂಲಕ ಅವುಗಳ ಮೂಲ ದಿನಾಂಕದೊಂದಿಗೆ ದಾಖಲಿಸಲಾಗುತ್ತಿದೆ. ಮುಂಗಾರಿನ ಹೊತ್ತಿನಲ್ಲಿ ಕೈಬರಹ ಎಷ್ಟರ ಮಟ್ಟಿಗೆ ಸಾಲುತ್ತದೆ ಎಂಬುದನ್ನು ರಾಣೆಬೆನ್ನೂರು ಶಾಖೆಯ ಬಿಲ್ಲು ಪುಸ್ತಕಗಳನ್ನು ನೋಡಿ ಸಂಸ್ಥೆ ನಿರ್ಧರಿಸಲಿದೆ.